ಮಣ್ಣಿಗೂ ದುಡ್ಡು ಕೊಟ್ಯಾ?

ಮೊದಲೇ ಹೇಳಿಬಿಡ್ತೀನಿ, ನನಗೆ ಏರುಮಡಿಯ ಮೇಲೆ ಯಾವ ಸಿಟ್ಟೂ ಇಲ್ಲ. ಸಿಟ್ಟಿರೋದು ಏರುಮಡಿ ಅಂತ ಹೆಸರಿಟ್ಟು ಮಾರುವ ಮರದ ಪೆಟ್ಟಿಗೆಯ ಮೇಲೆ. ಅದನ್ನು ಕೊಂಡ ದಡ್ಡರಲ್ಲಿ ನಾನೂ ಒಬ್ಬಳು. ಹಾಗಾಗಿ ಬೈಯುವ ಹಕ್ಕು ನನಗಿದೆ.

ಬೆಂಗಳೂರಿನ ಅಂಚಿನಲ್ಲಿ ನಮ್ಮ ಮನೆ. ಹಿಂದುಗಡೆ 15ಕ್ಕೆ 20 ಅಡಿ ಜಾಗ. ಮನೆ ಕಟ್ಟಿ ಮುಗಿದಾಗ ಅಲ್ಲಿ ಉಳಿದಿದ್ದು ಸಿಮೆಂಟ್ ಹೆಂಟೆ, ಇಟ್ಟಿಗೆ ಚೂರು, ಹರಿದ ಚೀಲ. ಗಾರ್ಡನ್ ಅಂಗಡಿಯವನು ಮೊಬೈಲಿನಲ್ಲಿ ಫೋಟೋ ನೋಡಿದವನೇ "ನಿಮ್ಮ ಮಣ್ಣು ವೇಸ್ಟ್ ಮೇಡಂ, ಬೆಡ್ ಹಾಕಿಸಿಬಿಡಿ" ಅಂದ. 8 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಎರಡು ಪೆಟ್ಟಿಗೆ ಬಂದವು. ಒಂದೊಂದು ತುಂಬಲು 48 ಘನ ಅಡಿ ಮಣ್ಣು ಬೇಕು. ತೂಕದಲ್ಲಿ ಹತ್ತಿರ ಹತ್ತಿರ ಎರಡು ಟನ್. ಟ್ರ್ಯಾಕ್ಟರಿನ ಹುಡುಗನನ್ನು ಮಣ್ಣು ಎಲ್ಲಿಯದಪ್ಪಾ ಅಂತ ಕೇಳಿದೆ. "ಲೇಔಟ್ ಆಗ್ತಿರೋ ಹೊಲದ್ದು ಮೇಡಂ, ಮೇಲ್ಮಣ್ಣು, ಫಸ್ಟ್ ಕ್ಲಾಸು" ಅಂದ. ಖುಷಿಯಾಗಿ ಕಾಫಿಗೆ ಅಂತ ಇನ್ನೂ ನೂರು ರೂಪಾಯಿ ಕೊಟ್ಟೆ.

ಮಾರ್ಚ್ ಬಿಸಿಲಿಗೆ ಪೆಟ್ಟಿಗೆ ನಾಲ್ಕೂ ಕಡೆಯಿಂದ ಕಾಯತೊಡಗಿತು. ಬೆಳಿಗ್ಗೆ ನೀರು ಹಾಕಿದರೆ ಮಧ್ಯಾಹ್ನಕ್ಕೆ ಟೊಮೇಟೊ ಗಿಡ ತಲೆ ಬಾಗಿಸುತ್ತಿತ್ತು. ಏಪ್ರಿಲ್ ಮುಗಿಯುವಷ್ಟರಲ್ಲಿ ಟೊಮೇಟೊ ಕಥೆಯೂ ಮುಗಿಯಿತು. ಮೇ ತಿಂಗಳ ಮಳೆ ಎರಡು ಸಲ ಚೆನ್ನಾಗಿ ಹೊಯ್ದ ಮೇಲೆ ಪೆಟ್ಟಿಗೆ ತುಂಬಾ ಹಸಿರು ಹುಲ್ಲು. ಕೀಳೋಣ ಅಂತ ಕೂತಿದ್ದೆ. ಕೋಲಾರದ ಕಡೆಯಿಂದ ಬಂದ ಪಕ್ಕದ ಮನೆ ಅಜ್ಜಿ ಕಾಂಪೌಂಡಿನಾಚೆಯಿಂದ ಬಗ್ಗಿ ನೋಡಿ, "ಹುಲ್ಲಲ್ಲ ಕಣಮ್ಮ, ರಾಗಿ ಪೈರು ಅದು" ಅಂದರು.

ಕೈ ಹಾಗೇ ನಿಂತಿತು. ಯಾರೋ ಉತ್ತು, ಬಿತ್ತಿ, ಕೊಯ್ದ ಹೊಲ ಅದು. ಉದುರಿದ ಕಾಳು ಮಣ್ಣಿನ ಜೊತೆ ಟ್ರ್ಯಾಕ್ಟರ್ ಹತ್ತಿ ನನ್ನ ಹಿತ್ತಲಿಗೆ ಬಂದಿತ್ತು. ಒಂದು ಇಂಚು ಮೇಲ್ಮಣ್ಣು ಆಗಬೇಕಾದರೆ ನೂರಾರು ವರ್ಷ ಬೇಕು. ಅಂಥದ್ದನ್ನು ಒಂದೂವರೆ ಅಡಿ ಪೇರಿಸಿಕೊಂಡು, ನಾಲ್ಕು ಟೊಮೇಟೊ ಗಿಡ ಒಣಗಿಸಿ, "ನಾನೂ ಸಾವಯವ" ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಜೂನ್ ಮೊದಲ ವಾರ ಊರಿಂದ ಅಮ್ಮ ಬಂದಳು. ಪೆಟ್ಟಿಗೆ ಸುತ್ತ ಒಂದು ಸುತ್ತು ಬಂದು ಕೇಳಿದ್ದು ಒಂದೇ ಮಾತು: "ಮಣ್ಣಿಗೂ ದುಡ್ಡು ಕೊಟ್ಯಾ?"

ನಮ್ಮದು ತೀರ್ಥಹಳ್ಳಿ ಕಡೆ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಗಿಡ ಕೊಳೆಯುತ್ತದೆ. ಅದಕ್ಕೇ ಅಮ್ಮ ಮಳೆಗಾಲದ ಮುಂಚೆ ಹಿತ್ತಲಲ್ಲಿ ಮಣ್ಣು ಏರಿಸುತ್ತಿದ್ದಳು. ಎರಡು ಮಡಿಗಳ ನಡುವೆ ಬಸಿಗಾಲುವೆ ತೋಡಿ, ಆ ಮಣ್ಣನ್ನೇ ಮಡಿಗೆ ಎಳೆದು, ಸುಡುಮಣ್ಣು, ಸೆಗಣಿ ಗೊಬ್ಬರ ಬೆರೆಸಿ ಬೆಂಡೆ, ಸೌತೆ ಹಾಕುತ್ತಿದ್ದಳು. ಹಲಗೆ, ಮೊಳೆ, ಸ್ಕ್ರೂ ಯಾವುದೂ ಇರಲಿಲ್ಲ. ಅದೇ ಏರುಮಡಿ. ಪಕ್ಕದ ಮನೆ ಅಜ್ಜಿಯ ಲೆಕ್ಕ ಉಲ್ಟಾ. ಅವರ ಸೀಮೆಯಲ್ಲಿ ಮಳೆ ಸುಮಾರು 700 ಮಿಲಿಮೀಟರ್. ಅಲ್ಲಿ ಸುತ್ತ ಬದು ಕಟ್ಟಿ, ನೆಲ ತಗ್ಗಿಸಿ ಪಾತಿ ಮಾಡಿ ದಂಟು, ಮೆಂತ್ಯ, ಕೊತ್ತಂಬರಿ ಹಾಕುತ್ತಾರೆ. ಹಾಕಿದ ಒಂದು ಕೊಡ ನೀರೂ ಬೇರಿನ ಹತ್ತಿರವೇ ನಿಲ್ಲಬೇಕು. ಮಡಿ ಎಷ್ಟು ಎತ್ತರ ಇರಬೇಕು ಅನ್ನೋದನ್ನು ಮಳೆ ಹೇಳಬೇಕು, ಅಂಗಡಿಯವನಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಮುಗಿದಾಗ ಎತ್ತರದ ಮಡಿ ಬೇಗ ಬಿಸಿಯಾಗುತ್ತೆ ಅಂತ ಪೆಟ್ಟಿಗೆ ಇಷ್ಟಪಡುತ್ತಾರೆ. ಅವರಿಗೆ ಅದು ಸರಿ. ನಮ್ಮ ಏಪ್ರಿಲ್ಲಿಗೆ ಮಣ್ಣನ್ನು ಇನ್ನೂ ಬಿಸಿ ಮಾಡೋ ದರ್ದು ಏನಿದೆ ಸ್ವಾಮಿ?

"ಲೇಔಟ್ ಆಗೋ ಹೊಲ ತಾನೇ, ಮಣ್ಣು ಹೇಗಿದ್ದರೂ ಹಾಳಾಗ್ತಿತ್ತು" ಅಂತ ನನ್ನ ಯಜಮಾನರು ಸಮಾಧಾನ ಹೇಳಿದರು. ಆ ಒಂದು ಹೊಲದ ಮಟ್ಟಿಗೆ ನಿಜ ಇರಬಹುದು. ಆದರೆ ಮೇಲ್ಮಣ್ಣಿಗೆ ಲೋಡಿಗಿಷ್ಟು ಅಂತ ರೇಟು ಕಟ್ಟಿದ ಮೇಲೆ, ಸಾಲದಲ್ಲಿರುವ ರೈತ ಉಳುವ ಹೊಲವನ್ನೂ ಕೆರೆಸಲು ಎಷ್ಟು ಹೊತ್ತು? ಕೆರೆಯ ಗೋಡುಮಣ್ಣನ್ನು ಬೇಸಿಗೆಯಲ್ಲಿ ಹೊಲಕ್ಕೆ ಹೊಡೆಯೋದು ನಮ್ಮ ಹಳೇ ರೂಢಿ. ಹೊಲದ ಮಣ್ಣನ್ನು ಊರಿಗೆ ಹೊಡೆಯೋದನ್ನು ನಾವು ಈಗ ಶುರು ಮಾಡಿದ್ದೇವೆ.

ಮಣ್ಣಿನ ಬದಲು ಕೋಕೋಪೀಟ್ ತುಂಬಿ ಅನ್ನುವವರಿದ್ದಾರೆ. ತೆಂಗಿನ ನಾರಿನ ಪುಡಿ ನೀರು ಹಿಡಿಯುತ್ತದೆ, ಒಪ್ಪಿದೆ. ಗಿಡಕ್ಕೆ ಊಟ ಮಾತ್ರ ಅದರಲ್ಲಿ ಅಷ್ಟಕ್ಕಷ್ಟೇ. ಆ ಊಟವನ್ನು ಅದೇ ಅಂಗಡಿಯಲ್ಲಿ, ಬೇರೆ ಚೀಲದಲ್ಲಿ, ಬೇರೆ ದುಡ್ಡಿಗೆ ಮಾರುತ್ತಾರೆ.

ಹಾಗಂತ ಪೆಟ್ಟಿಗೆ ಯಾರಿಗೂ ಬೇಡವೇ? ಮಂಡಿ ನೋವಿಗೆ ಬಗ್ಗಲಾರದವರಿಗೆ, ಗಾಲಿಕುರ್ಚಿಯಲ್ಲಿ ಕೂತು ಗಿಡ ನೋಡಿಕೊಳ್ಳುವವರಿಗೆ ಎತ್ತರದ ಮಡಿ ವರವೇ. ಕಾಂಕ್ರೀಟ್ ಬಿಟ್ಟು ಬೇರೆ ನೆಲವೇ ಇಲ್ಲದವರ ಪಾಡೂ ಬೇರೆ. ಅವರ ಮೇಲೆ ನನ್ನ ತಕರಾರಿಲ್ಲ. ನೆಲ ಇದ್ದೂ ಅದನ್ನು ವೇಸ್ಟ್ ಅಂತ ನಂಬಿ ಇನ್ನೊಬ್ಬರ ನೆಲ ಕೊಳ್ಳುವ ನನ್ನಂಥವರ ಮೇಲಿದೆ.

ಅಮ್ಮ ನಾಲ್ಕು ದಿನ ಕೂತು ಸಿಮೆಂಟ್ ಹೆಂಟೆ ಆರಿಸಿದಳು. ನಾನು ಗುದ್ದಲಿ ಹಿಡಿದೆ. 3 ಅಡಿ ಅಗಲದ ಮಡಿ, ಎರಡೂ ಕಡೆಯಿಂದ ಕೈ ಎಟುಕುವಷ್ಟು. ನಡುವೆ ಒಂದಡಿ ದಾರಿ. ದಾರಿಯ ಮಣ್ಣು ತೆಗೆದು ಮಡಿಗೆ ಹಾಕಿದರೆ ಮುಕ್ಕಾಲು ಅಡಿ ಏರು ತಾನಾಗೇ ಬಂತು. ಅಡುಗೆಮನೆ ಕಸದ ಗೊಬ್ಬರ, ಮೇಲೆ ರಸ್ತೆ ಬದಿಯಲ್ಲಿ ಗುಡಿಸಿ ತಂದ ತರಗೆಲೆ. ಮಡಿಯ ಮೇಲೆ ಕಾಲಿಡಬೇಡ ಅನ್ನೋದೊಂದೇ ಕಟ್ಟಪ್ಪಣೆ. ಮೊದಲ ವರ್ಷ ಬೆಂಡೆ ಬಡಕಲಾಗಿಯೇ ಬಂತು, ಸುಳ್ಳು ಹೇಳಲ್ಲ. ಎರಡನೇ ವರ್ಷ ಅಗೆದಲ್ಲೆಲ್ಲ ಎರೆಹುಳ. ಬೇಸಿಗೆಗೆ ಅಜ್ಜಿಯ ಮಾತು ಕೇಳಿ ಒಂದು ಮಡಿ ಒಡೆದು ಪಾತಿ ಮಾಡಿದೆ, ದಂಟಿನ ಸೊಪ್ಪು ಸಾಕು ಸಾಕು ಅನ್ನುವಷ್ಟು ಬಂತು.

ಪೆಟ್ಟಿಗೆಯ ಆ ರಾಗಿ ಪೈರನ್ನು ನಾನು ಕೀಳಲಿಲ್ಲ. ತೆನೆ ಕಟ್ಟಿತು. ಬೀಸಿಸಿದರೆ ಒಂದು ಹೊತ್ತಿನ ಮುದ್ದೆಗಾಯಿತು. ಉಣ್ಣುವಾಗ ಆ ಹೊಲದವರು ಈಗ ಏನು ಮಾಡ್ತಿದ್ದಾರೋ ಅಂತ ಅಮ್ಮ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮಗೆ ಯಾರಾದರೂ ಮಣ್ಣು ಮಾರಲು ಬಂದರೆ, ಬಾಗಿಲಲ್ಲೇ ಇದನ್ನೊಂದು ಕೇಳಿ ಆಮೇಲೆ ದುಡ್ಡು ತೆಗೆಯಿರಿ.