ಮಾಯಾನಗರಿಯ ಮನೆಗಳೂ ಮುಳುಗಿದ ಊರುಗಳೂ

ಪಾರಿಜಾತದ ಆಟದ ದಿನ ಹಳ್ಳಿಯ ಒಕ್ಕಲಿಗನೊಬ್ಬನು ಮುಖಕ್ಕೆ ಬಣ್ಣ ಹಚ್ಚಿ, ಕಿರೀಟ ಧರಿಸಿ, ಭುಜಕೀರ್ತಿ ಕಟ್ಟಿಕೊಂಡು ರಂಗಕ್ಕೆ ಬಂದೊಡನೆ ಶ್ರೀಕೃಷ್ಣನೇ ಆಗಿಬಿಡುವನು. ಮರುದಿನ ಬೆಳಗ್ಗೆ ಅದೇ ಮನುಷ್ಯನು ಹೊಲದಲ್ಲಿ ಕುಂಟೆ ಹೊಡೆಯುತ್ತಿರುವುದನ್ನು ಕಂಡು ಯಾರೂ ಬೆರಗಾಗುವುದಿಲ್ಲ. ವೇಷ ವೇಷವೇ, ಬಾಳು ಬಾಳೇ ಎಂಬುದನ್ನು ಈ ಭಾಗದ ಜನ ಬಯಲಾಟಗಳಿಂದ ಎಂದೋ ಕಲಿತಿದ್ದಾರೆ. ಆದುದರಿಂದ ಗಣಕಯಂತ್ರದ ತೆರೆಯ ಮೇಲೆ ಮನುಷ್ಯನು ಮತ್ತೊಂದು ರೂಪ ಧರಿಸಿ, ಮತ್ತೊಂದು ಊರಿನಲ್ಲಿ ಅಡ್ಡಾಡುತ್ತಾನೆಂಬ ಸುದ್ದಿ ಮುಳವಾಡದಂತಹ ಊರಿನವರಿಗೆ ವಿಚಿತ್ರವೆನಿಸಬೇಕಾಗಿಲ್ಲ. ವಿಚಾರ ಮಾಡಬೇಕಾದುದು ಬೇರೆ ಒಂದಿದೆ. ಆ ಊರನ್ನು ಕಟ್ಟುವವರು ಯಾರು? ಅದು ಯಾರ ಕೈಯಲ್ಲಿ ಉಳಿಯುತ್ತದೆ?

ಇಂತಹ ಲೋಕಗಳಲ್ಲಿ ಹೆಚ್ಚು ಹೆಸರು ಪಡೆದುದು ‘ಸೆಕೆಂಡ್ ಲೈಫ್’. ಅಮೇರಿಕೆಯ ಸಾನ್ ಫ್ರಾನ್ಸಿಸ್ಕೋ ನಗರದ ಲಿಂಡೆನ್ ಲ್ಯಾಬ್ ಎಂಬ ಸಂಸ್ಥೆ 2003ರಲ್ಲಿ ಇದನ್ನು ಸಾರ್ವಜನಿಕರಿಗೆ ತೆರೆಯಿತು. ಸಂಸ್ಥಾಪಕರು ಫಿಲಿಪ್ ರೋಸ್‌ಡೇಲ್. ಇದನ್ನು ಆಟವೆಂದು ಕರೆಯುವುದು ಸರಿಯಲ್ಲ; ಇಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಪ್ರವೇಶಿಸಿದವನಿಗೆ ಒಂದು ದೇಹ ದೊರೆಯುತ್ತದೆ. ಅದಕ್ಕೆ ಅಲ್ಲಿಯ ಜನ ‘ಅವತಾರ’ವೆಂದೇ ಹೆಸರಿಟ್ಟಿದ್ದಾರೆ. 1986ರ ‘ಹ್ಯಾಬಿಟ್ಯಾಟ್’ ಎಂಬ ಗಣಕಲೋಕದಲ್ಲಿಯೇ ಈ ಸಂಸ್ಕೃತ ಪದ ಬಳಕೆಗೆ ಬಂದಿತ್ತು. 1992ರಲ್ಲಿ ನೀಲ್ ಸ್ಟೀಫನ್‌ಸನ್ ಎಂಬ ಕಾದಂಬರಿಕಾರರ ಕೃತಿಯಿಂದ ಅದು ಮನೆಮಾತಾಯಿತು. ‘ಮೆಟಾವರ್ಸ್’ ಎಂಬ ಪದವನ್ನು ಸೃಷ್ಟಿಸಿದವರೂ ಅವರೇ. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಸಂಸ್ಥೆ ತನ್ನ ಹೆಸರನ್ನೇ ‘ಮೆಟಾ’ ಎಂದು ಬದಲಿಸಿಕೊಂಡಾಗ, ಇದೇನೋ ಹೊಸ ಆವಿಷ್ಕಾರವೆಂದು ಪತ್ರಿಕೆಗಳು ಡಂಗುರ ಸಾರಿದವು. ವಾಸ್ತವವಾಗಿ ಆ ಹೊತ್ತಿಗೆ ಹದಿನೆಂಟು ವರ್ಷಗಳಿಂದ ಸಹಸ್ರಾರು ಜನ ಇಂತಹ ಒಂದು ಲೋಕದಲ್ಲಿ ಮನೆ ಕಟ್ಟಿಕೊಂಡಿದ್ದರು.

ಅಲ್ಲಿ ಸಂಚಾರಕ್ಕೆ ಬಸ್ಸು ಬೇಡ, ರೈಲು ಬೇಡ. ಇಚ್ಛಿಸಿದರೆ ಹಾರಬಹುದು, ಸ್ಥಳದ ಹೆಸರು ಒತ್ತಿದರೆ ಕ್ಷಣಾರ್ಧದಲ್ಲಿ ಅಲ್ಲಿರಬಹುದು. ಭೂಮಿಯು ಚೌಕಗಳಾಗಿ ಹಂಚಿಕೆಯಾಗಿದ್ದು, ಒಂದೊಂದು ಚೌಕ 256 ಮೀಟರ್ ಉದ್ದ, ಅಷ್ಟೇ ಅಗಲ. ಇಂತಹ ಚೌಕಗಳಲ್ಲಿ ಜನರು ಘನ, ಗೋಳ, ಸ್ತಂಭ ಮೊದಲಾದ ಮೂಲಾಕೃತಿಗಳನ್ನು ಜೋಡಿಸಿ ಕೋಟೆ ಕಟ್ಟಿದರು, ತೋಟ ಬೆಳೆಸಿದರು. 2007ರಲ್ಲಿ ಅಮೇರಿಕೆಯ ವಾಸ್ಸಾರ್ ಕಾಲೇಜು ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಮಂದಿರವನ್ನು ಅಲ್ಲಿ ನಿರ್ಮಿಸಿತು. ನೋಡಲು ಬಂದವರು ಛಾವಣಿಯ ಚಿತ್ರಗಳ ಸಮೀಪಕ್ಕೆ ಹಾರಿಹೋಗಿ ನೋಡುವಂತಾಯಿತು. ಅದೇ ವರ್ಷ ಮಾಲ್ದೀವ್ಸ್ ದೇಶ ಅಲ್ಲಿ ತನ್ನ ರಾಯಭಾರ ಕಚೇರಿಯನ್ನು ತೆರೆಯಿತು. ಸಮುದ್ರದ ಏರಿಕೆಗೆ ಅಂಜುತ್ತಿರುವ ದ್ವೀಪರಾಷ್ಟ್ರವೊಂದು ನೀರು ತಲುಪದ ಲೋಕದಲ್ಲಿ ಮೊದಲು ಬಾಗಿಲು ತೆರೆದ ಸಂಗತಿ ಕೃಷ್ಣೆಯ ದಡದ ಜನರಿಗೆ ಸುಲಭವಾಗಿ ಅರ್ಥವಾದೀತು.

ಆದರೆ ಆ ಲೋಕದಲ್ಲಿ ಸ್ಥಳಗಳಿಗಿಂತ ಹೆಚ್ಚು ಚಲಾವಣೆ ಉಡುಪಿಗೆ. ದೇಹ ದೊರೆತವನು ಮೊದಲು ಮಾಡುವ ಕೆಲಸವೆಂದರೆ ಬಟ್ಟೆ ಕೊಳ್ಳುವುದು! ಆರಂಭದಲ್ಲಿ ಈ ಬಟ್ಟೆ ದೇಹಕ್ಕೆ ಮೆತ್ತಿದ ಚಿತ್ರ ಮಾತ್ರವಾಗಿತ್ತು. 2011ರಲ್ಲಿ ‘ಮೆಷ್’ ಎಂಬ ಜಾಲಾಕೃತಿಯ ವಿಧಾನ ಬಂದ ಮೇಲೆ ಮಡಿಕೆ, ನೆರಿಗೆ, ಅಂಚುಗಳಿಗೆ ನಿಜವಾದ ಆಕಾರ ಬಂದಿತು. ಇದನ್ನು ತಯಾರಿಸುವವರು ಬಹುಮಟ್ಟಿಗೆ ಆ ಲೋಕದ ನಿವಾಸಿಗಳೇ. ಮನೆಯಲ್ಲಿ ಕುಳಿತು ಅಂಗಿ, ಪಾದರಕ್ಷೆ, ಕೇಶವಿನ್ಯಾಸಗಳನ್ನು ರಚಿಸಿ ಅಲ್ಲಿಯ ಅಂಗಡಿಯಲ್ಲಿ ಮಾರುತ್ತಾರೆ. ಅಲ್ಲಿಯ ನಾಣ್ಯವಾದ ಲಿಂಡೆನ್ ಡಾಲರನ್ನು ನಿಜವಾದ ಹಣಕ್ಕೆ ಬದಲಿಸಿಕೊಳ್ಳಲೂ ಬರುತ್ತದೆ. 2003ರ ನವೆಂಬರಿನಲ್ಲಿಯೇ ಲಿಂಡೆನ್ ಲ್ಯಾಬ್, ನಿವಾಸಿಗಳು ರಚಿಸಿದ ವಸ್ತುವಿನ ಬೌದ್ಧಿಕ ಹಕ್ಕು ರಚಿಸಿದವರಿಗೇ ಸೇರಿದ್ದೆಂದು ಘೋಷಿಸಿತ್ತು. ಇದು ಮೆಚ್ಚಬೇಕಾದ ಮಾತು. ದುಡಿದವನಿಗೆ ದುಡಿಮೆಯ ಫಲ ಸಲ್ಲಬೇಕೆಂಬುದನ್ನು ಕಾಯಕದ ನಾಡಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ 2006ರ ನವೆಂಬರಿನಲ್ಲಿ ಆ ಹಕ್ಕಿಗೆ ದೊಡ್ಡ ಪೆಟ್ಟು ಬಿದ್ದಿತು. ‘ಕಾಪಿಬಾಟ್’ ಎಂಬ ಸಣ್ಣ ತಂತ್ರಾಂಶವೊಂದು ಹೊರಬಂದು, ಒಬ್ಬರು ದಿನಗಟ್ಟಲೆ ಕುಳಿತು ರಚಿಸಿದ ಉಡುಪನ್ನು ನಿಮಿಷಮಾತ್ರದಲ್ಲಿ ನಕಲು ಮಾಡತೊಡಗಿತು. ಅಂಗಡಿಕಾರರು ಸಿಟ್ಟಿನಿಂದ ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು. ಅದರ ಬಳಕೆ ನಿಯಮಬಾಹಿರವೆಂದು ಸಂಸ್ಥೆ ಸಾರಿತಾದರೂ, ಕಣ್ಣಿಗೆ ಕಾಣುವುದನ್ನೆಲ್ಲ ನಕಲು ಮಾಡಬಲ್ಲ ಯಂತ್ರದ ಭಯ ಮಾತ್ರ ಹೋಗಲಿಲ್ಲ.

ಈ ಕಥೆಯನ್ನು ಇಳಕಲ್ಲಿನ ನೇಕಾರನಿಗೆ ಹೇಳಿದರೆ ಅವನು ನಕ್ಕಾನು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಕೆಂಪು ರೇಷ್ಮೆಯ ಸೆರಗು ನೆಯ್ಗೆಗೆ ಸಿದ್ಧವಾಗುವುದು. ಹಣಿಗೆ, ಕೋಟೆ, ಜೋಳದ ತೆನೆಗಳ ಆಕೃತಿಯನ್ನು ಬಿಳಿಯ ಎಳೆಯಲ್ಲಿ ಆ ಸೆರಗಿನಲ್ಲಿ ಮೂಡಿಸುತ್ತಾರೆ. ಗೋಮಿ, ಗಾಡಿ ಎಂಬ ದಡಿಗಳನ್ನು ಕಂಡೊಡನೆ ಹೆಣ್ಣುಮಕ್ಕಳು ಹೆಸರು ಹಿಡಿದು ಹೇಳಬಲ್ಲರು. ಈ ಶ್ರಮವನ್ನೆಲ್ಲ ವಿದ್ಯುನ್ಮಗ್ಗ ಹೊರನೋಟಕ್ಕೆ ಅನುಕರಿಸಿ ಕಡಿಮೆ ಬೆಲೆಗೆ ಮಾರಿದಾಗ, ಕೈಮಗ್ಗದವನಿಗೆ ಅಂಗಡಿ ಮುಚ್ಚಿ ಪ್ರತಿಭಟಿಸುವ ಅನುಕೂಲವೂ ಇರಲಿಲ್ಲ. ಮಗ್ಗ ನಿಂತರೆ ಒಲೆ ನಿಲ್ಲುತ್ತದೆ. ತೆರೆಯ ಮೇಲಿನ ಉಡುಪಿನ ಶೋಕಿಯನ್ನು ಹಿರಿಯರು ಹಳಿಯುವುದುಂಟು. ಶೋಕಿಗೆ ಮರುಳಾಗಿ ಕೊಳ್ಳುವ ಮಕ್ಕಳ ಮಟ್ಟಿಗೆ ಆ ಹಳಿಕೆ ನ್ಯಾಯವಾದುದು. ಆದರೆ ಸೆರಗಿನ ತೆನಿಯನ್ನು ಎಣಿಸಿ, ಅಳೆದು, ತೆರೆಯ ಮೇಲೆ ತಾನೇ ರಚಿಸಲು ಕುಳಿತ ಹುಡುಗಿ ಅಜ್ಜಿಯ ಪೆಟ್ಟಿಗೆಯಲ್ಲಿರುವ ಸೀರೆಯನ್ನು ಅದುವರೆಗೆ ಯಾರೂ ನೋಡದಷ್ಟು ಸೂಕ್ಷ್ಮವಾಗಿ ನೋಡುತ್ತಾಳೆ. ಕೊಳ್ಳುವುದಕ್ಕೂ ಮಾಡುವುದಕ್ಕೂ ಇರುವ ಅಂತರವೇ ಇಲ್ಲಿಯ ಮುಖ್ಯ ವಿಷಯ.

ಇನ್ನು ತಂತ್ರಾಂಶದ ಮಾತು. ಈ ಲೋಕವನ್ನು ನೋಡಲು ‘ವ್ಯೂವರ್’ ಎಂಬ ತಂತ್ರಾಂಶ ಬೇಕು. 2007ರ ಜನವರಿಯಲ್ಲಿ ಲಿಂಡೆನ್ ಲ್ಯಾಬ್ ಅದರ ಮೂಲಲಿಪಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಿಂದ ಸ್ವಯಂಸೇವಕರು ‘ಫೈರ್‌ಸ್ಟಾರ್ಮ್’ ಮೊದಲಾದ ತಮ್ಮವೇ ಆದ ವ್ಯೂವರುಗಳನ್ನು ಸಿದ್ಧಪಡಿಸಿದರು. ಆದರೆ ಲೋಕವೇ ಕುಳಿತಿರುವ ಯಂತ್ರಗಳು ಸಂಸ್ಥೆಯ ಕೈಯಲ್ಲಿಯೇ ಉಳಿದವು. ಕನ್ನಡಿ ಎಲ್ಲರದು, ಊರು ಮಾತ್ರ ಒಡೆಯನದು ಎಂಬಂತಾಯಿತು. ಇದರ ಪರಿಣಾಮ ಬೇಗನೆ ಕಂಡಿತು. ಶಾಲಾಕಾಲೇಜುಗಳಿಗೆ ಅರ್ಧ ಬೆಲೆಗೆ ಕೊಡುತ್ತಿದ್ದ ನೆಲದ ರಿಯಾಯಿತಿಯನ್ನು 2011ರ ಜನವರಿಯಿಂದ ಕೊನೆಗೊಳಿಸುವುದಾಗಿ ಸಂಸ್ಥೆ 2010ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಅನೇಕ ವಿದ್ಯಾಸಂಸ್ಥೆಗಳು ತಾವು ಕಟ್ಟಿದ್ದನ್ನೆಲ್ಲ ಬಿಟ್ಟು ಹೊರಟವು. ಗೂಗಲ್ ಸಂಸ್ಥೆಯಂತೂ ‘ಲೈವ್ಲಿ’ ಎಂಬ ಲೋಕವನ್ನು 2008ರ ಜುಲೈಯಲ್ಲಿ ತೆರೆದು, ಅದೇ ಡಿಸೆಂಬರ್ 31ರಂದು ಮುಚ್ಚಿಬಿಟ್ಟಿತು. ಅಲ್ಲಿ ಮಾಡಿಕೊಂಡಿದ್ದ ಕೋಣೆಗಳು ಏನಾದವೆಂದು ಕೇಳುವವರೇ ಇಲ್ಲವಾದರು.

ಮುಳುಗಡೆ ಎಂಬ ಪದದ ಭಾರ ತಿಳಿದವರಿಗೆ ಇದು ಬರಿಯ ಪರದೇಶದ ಸುದ್ದಿಯಲ್ಲ. ಆಲಮಟ್ಟಿಯ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಹಿನ್ನೀರು ಏರಿದಂತೆ ಹಳೆಯ ಕೊಲ್ಹಾರ ನೀರಿನ ಪಾಲಾಯಿತು, ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದವು. ಅದೇ ನೀರು ಮುಳವಾಡ ಏತ ನೀರಾವರಿ ಯೋಜನೆಯ ಮೂಲಕ ಮೇಲಕ್ಕೇರಿ ಒಣಭೂಮಿಗೆ ಹರಿಯುತ್ತಿರುವುದೂ ನಿಜ. ಒಬ್ಬರ ಅಂಗಳ ಮುಳುಗಿ ಮತ್ತೊಬ್ಬರ ಹೊಲ ಹಸಿರಾದ ಲೆಕ್ಕ ಇದು. ಹಸಿರು ಕಂಡವರು ಮುಳುಗಿದ ಅಂಗಳವನ್ನು ನೆನೆಯುವುದು ಋಣಸಂದಾಯದ ಒಂದು ಬಗೆ. ಮುಳುಗಡೆಯ ಜನರಿಗೆ ಪರಿಹಾರ ದೊರೆಯಿತು, ಪುನರ್ವಸತಿಯ ನಿವೇಶನಗಳು ದೊರೆತವು. ಆದರೆ ಊರಿನ ಅಗಸೆ, ಹೊಳೆಗೆ ಇಳಿಯುವ ಮೆಟ್ಟಿಲು, ಬಾಗಿಲ ಎದುರಿನ ಬೇವು, ಓಣಿ ತಿರುಗುವಲ್ಲಿದ್ದ ಕಟ್ಟೆ ಇವು ಯಾವ ಪರಿಹಾರದ ಯಾದಿಯಲ್ಲಿಯೂ ಬರುವಂತಹವಲ್ಲ. ಅವು ಇರುವುದು ವೃದ್ಧರ ನೆನಪಿನಲ್ಲಿ. ಪ್ರತಿ ವರ್ಷ ಆ ನೆನಪುಗಳು ಒಂದೊಂದಾಗಿ ಮಣ್ಣಾಗುತ್ತಿವೆ.

ಮುಳುಗಡೆ ಮುಗಿದ ಕಥೆಯೂ ಅಲ್ಲ. 519.60 ಮೀಟರಿನವರೆಗೆ ನೀರು ನಿಲ್ಲಿಸುತ್ತಿರುವ ಆಣೆಕಟ್ಟನ್ನು 524.256 ಮೀಟರಿಗೆ ಏರಿಸಲು ನ್ಯಾಯಾಧಿಕರಣವು 2010ರ ಡಿಸೆಂಬರಿನಲ್ಲಿ ಒಪ್ಪಿಗೆ ಇತ್ತಿತು. ಅದಕ್ಕಾಗಿ ಹೋಗಲಿರುವ ಭೂಮಿಗೆ ಪರಿಹಾರದ ದರಗಳನ್ನು ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ನಿಶ್ಚಯಿಸಿತು. ಎಂದರೆ, ಇಂದು ಮಕ್ಕಳು ಓಡಾಡುತ್ತಿರುವ ಕೆಲವು ಓಣಿಗಳು ನಾಳೆ ನೀರೊಳಗಿನ ಓಣಿಗಳಾಗಲಿವೆ. ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಬಂದಾಗ, ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ನೀರಿನ ನಡುವೆಯೇ ಅದನ್ನು ಉಳಿಸಿಕೊಳ್ಳಲಾಯಿತು. ಎಲ್ಲ ಊರುಗಳಿಗೂ ಅಂತಹ ಗೋಡೆ ಕಟ್ಟಲಾಗದು. ಆದರೆ ತೆರೆಯ ಮೇಲಿನ ಲೋಕದಲ್ಲಿ ಕಟ್ಟಬಹುದು.

ಇದು ಕನಸಿನ ಮಾತಲ್ಲ. ಹಂಪೆಯನ್ನು ‘ಪ್ಲೇಸ್ ಹಂಪಿ’ ಎಂಬ ಹೆಸರಿನಲ್ಲಿ ಸುತ್ತಲೂ ಆವರಿಸುವ ದೃಶ್ಯಲೋಕವನ್ನಾಗಿ ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ಅವರು 2006ರಲ್ಲಿ ರೂಪಿಸಿದರು. ಅನಂತರ ಅದು ತೋರಣಗಲ್ಲಿನ ಬಳಿಯ ಕಲಾಧಾಮದಲ್ಲಿ ನೆಲೆಗೊಂಡಿತು. ಹಂಪೆಗೆ ಜಗತ್ತಿನ ಕಣ್ಣಿದೆ, ಹಣವೂ ಇದೆ. ಹಳೆಯ ಕೊಲ್ಹಾರಕ್ಕೆ ಯಾರಿದ್ದಾರೆ? ಹೊರಗಿನ ಯಾವ ಸಂಸ್ಥೆಯೂ ಕಾಳಜಿ ವಹಿಸಿ ಈ ಕೆಲಸ ಮಾಡಿಕೊಡಲಾರದು. ಮಾಡಿಕೊಟ್ಟರೂ ಅದು ಅವರ ಯಂತ್ರದಲ್ಲಿ, ಅವರ ಇಚ್ಛೆ ಇರುವವರೆಗೆ ಮಾತ್ರ ಇರುತ್ತದೆ.

ಇಲ್ಲಿ ವಿಜಯಪುರದ ಫ. ಗು. ಹಳಕಟ್ಟಿಯವರ ಸ್ಮರಣೆ ಸಹಜವಾಗಿಯೇ ಬರುತ್ತದೆ. ಮನೆಮನೆಯ ಜಂತಿಯಲ್ಲಿ, ಜಗುಲಿಯಲ್ಲಿ ಹುಳು ತಿನ್ನುತ್ತಿದ್ದ ತಾಡೋಲೆಗಳನ್ನು ಅವರು ತಿರುಗಿ ತಿರುಗಿ ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿಕೊಂಡರೆ ಕೆಲಸ ಸಾಗದೆಂದು ಕಂಡ ಅವರು, ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಮುದ್ರಣಯಂತ್ರ ಆಗ ಪರದೇಶದ ಹೊಸ ಯಂತ್ರ. ಅದು ನಮ್ಮದಲ್ಲವೆಂದು ಅವರು ದೂರ ನಿಲ್ಲಲಿಲ್ಲ, ಅದರ ಬಾಡಿಗೆದಾರರಾಗಿಯೂ ಉಳಿಯಲಿಲ್ಲ.

ಗಣಕಲೋಕದಲ್ಲಿ ಆ ಸ್ವಂತ ಮುದ್ರಣಾಲಯಕ್ಕೆ ಸಮನಾದುದು ಇಂದು ಬಿಟ್ಟಿಯಾಗಿಯೇ ದೊರೆಯುತ್ತದೆ. 2007ರಲ್ಲಿ ಆರಂಭವಾದ ‘ಓಪನ್‌ಸಿಮ್ಯುಲೇಟರ್’ ಸೆಕೆಂಡ್ ಲೈಫಿನಂತಹ ಲೋಕವನ್ನು ಯಾರು ಬೇಕಾದರೂ ತಮ್ಮ ಗಣಕಯಂತ್ರದಲ್ಲಿಯೇ ನಡೆಸಲು ಅನುವಾಗುವ ಮುಕ್ತ ತಂತ್ರಾಂಶ. ಅದಕ್ಕೆ ಅಂತರಜಾಲವೂ ಅನಿವಾರ್ಯವಲ್ಲ. ಶಾಲೆಯ ಪ್ರಯೋಗಾಲಯದ ಯಂತ್ರಗಳನ್ನು ಪರಸ್ಪರ ಜೋಡಿಸಿದರೆ ಸಾಕು. ಆಕೃತಿಗಳನ್ನು ರಚಿಸಲು ‘ಬ್ಲೆಂಡರ್’ ಇದೆ, ಅದೂ ಮುಕ್ತವಾದುದು. ಕಟ್ಟಿದ ಇಡೀ ಊರನ್ನು ಒಂದು ಕಡತವನ್ನಾಗಿಸಿ ಕಪಾಟಿನಲ್ಲಿ ಇಡಬಹುದು. ಯಂತ್ರ ಕೆಟ್ಟರೆ ಮತ್ತೊಂದರಲ್ಲಿ ಬಿಚ್ಚಬಹುದು.

ಆಕ್ಷೇಪಣೆಗಳಿಲ್ಲವೆಂದಲ್ಲ. ಅಪರಿಚಿತರಿಂದ ತುಂಬಿದ ಲೋಕದೊಳಗೆ ಮಕ್ಕಳನ್ನು ಬಿಡುವುದು ಅಪಾಯಕರವೆಂಬ ಮಾತು ಅಕ್ಷರಶಃ ಸತ್ಯ. ಸೆಕೆಂಡ್ ಲೈಫ್ ಸ್ವತಃ ಹದಿವಯಸ್ಸಿನವರಿಗಾಗಿ ಬೇರೆ ಲೋಕವನ್ನಿಟ್ಟು ಅನಂತರ ಅದನ್ನು ಮುಚ್ಚಬೇಕಾಯಿತು. ಮಕ್ಕಳು ಮುಗಿಬೀಳುವ ‘ರೋಬ್ಲಾಕ್ಸ್’ ಎಂಬುದನ್ನು ತುರ್ಕಸ್ತಾನವು 2024ರಲ್ಲಿ ನಿಷೇಧಿಸಿತು. ಶಾಲೆಯ ಗೋಡೆಯೊಳಗಿನ ಲೋಕಕ್ಕೆ ಈ ಭಯವಿಲ್ಲ. ಅಲ್ಲಿ ಹೊರಗಿನವರಿಗೆ ಬಾಗಿಲೇ ಇಲ್ಲ. ಮಕ್ಕಳು ದೇಹಶ್ರಮ ಮರೆತು ತೆರೆಗೆ ಅಂಟಿಕೊಳ್ಳುತ್ತಾರೆಂಬುದು ಇನ್ನೊಂದು ಆಕ್ಷೇಪಣೆ; ಇದು ಹೆಚ್ಚು ತೂಕದ್ದು. ಆದರೆ ಊರು ಕಟ್ಟುವ ಈ ಕೆಲಸದಲ್ಲಿ ತೆರೆಯ ಪಾಲು ಕಡಿಮೆ, ಕಾಲಿನ ಪಾಲು ಹೆಚ್ಚು. ಪುನರ್ವಸತಿ ಕೇಂದ್ರಗಳಿಗೆ ನಡೆದು ಹೋಗಬೇಕು. ಹಿರಿಯರ ಎದುರು ಕುಳಿತು ಕೇಳಬೇಕು. ಇನ್ನೂ ಮುಳುಗದ ಮನೆಗಳ ಪಡಸಾಲೆ, ಕೊಟ್ಟಿಗೆ, ಹಗೇವು, ಬೆಳಕಿಂಡಿಗಳನ್ನು ಅಳತೆಪಟ್ಟಿ ಹಿಡಿದು ಅಳೆಯಬೇಕು. ಮಾಳಿಗೆಗೆ ಎಷ್ಟು ತೊಲೆ, ತೊಲೆಗೆ ಯಾವ ಮರ ಎಂದು ಬರೆದುಕೊಳ್ಳಬೇಕು.

ಶ್ರೀಮಠಗಳ ಶಾಲೆಗಳಿಗೆ ಈ ಕೆಲಸದಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಸರಕಾರದ ಸಮೀಕ್ಷಕನಿಗೆ ಅರ್ಧ ಮಾತು ಹೇಳುವ ಅಜ್ಜಿ, ಮಠದ ಶಾಲೆಯ ಹುಡುಗ ಬಂದನೆಂದರೆ ಮೊದಲು ಅವನಿಗೆ ಉಣ್ಣಲಿಕ್ಕೆ ಹಾಕಿ, ಆಮೇಲೆ ಪೂರ್ತಿ ಹೇಳುತ್ತಾಳೆ. ಯಾವ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು, ಹೊಳೆಯ ಮೆಟ್ಟಿಲು ಎಷ್ಟು, ಜಾತ್ರೆಯ ತೇರು ಯಾವ ತಿರುವಿನಲ್ಲಿ ಸಿಕ್ಕಿಬೀಳುತ್ತಿತ್ತು, ಮೊಸರಿನ ಗಡಿಗೆ ಹೊತ್ತ ಹೆಂಗಸರು ಮುಂಜಾನೆ ಯಾವ ಹಾದಿಯಿಂದ ಬಸ್ಸಿಗೆ ಬರುತ್ತಿದ್ದರು ಎಂಬುದನ್ನೆಲ್ಲ ಬಲ್ಲವರು ಈಗ ಎಪ್ಪತ್ತು ದಾಟಿದ್ದಾರೆ. ಬೇಸಿಗೆಯ ಸೂಟಿಗೆ ಕೆಲವೇ ತಿಂಗಳುಗಳಿವೆ. ಮೊದಲ ಓಣಿಯನ್ನು ಕಟ್ಟಲು ಬೇಕಾದುದು ಒಂದು ಹಳೆಯ ಗಣಕಯಂತ್ರ, ಒಂದು ಅಳತೆಪಟ್ಟಿ, ಎರಡು ನೂರು ಪುಟದ ಒಂದು ನೋಟುಪುಸ್ತಕ.