ಹೊಳೆ ಬಂದಾಗ ಗೋಕಾವಿ

ಕಡಲತೀರದ ಊರುಗಳಿಗೆ ಬಿಸಿಲೇ ಬಂಡವಾಳ. ಆಕಾಶ ತಿಳಿಯಾದರೆ ಕಾರವಾರದ ಮರಳದಂಡೆಗೆ ಜನ ನೆರೆಯುತ್ತಾರೆ. ಮಳೆ ಹಿಡಿದರೆ ಮನೆಯಲ್ಲೇ ಉಳಿಯುತ್ತಾರೆ. ಗೋಕಾವಿಯ ರೀತಿಯೇ ಬೇರೆ. ಸಹ್ಯಾದ್ರಿಯಲ್ಲಿ ಮಳೆ ಸುರಿದು ಘಟಪ್ರಭೆಯ ನೀರು ಕೆಂಪಾಯಿತೆಂದರೆ ಇಲ್ಲಿಗೆ ಜನರ ಯಾತ್ರೆ ಮೊದಲಾಗುತ್ತದೆ. ‘ಹೊಳಿ ಬಂದೈತಿ’ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಬೆಳಗಾವಿ ಸೀಮೆಯ ಸಂಸಾರಗಳು ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹೊರಟುಬಿಡುತ್ತವೆ.

ಊರಿನಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ, ಕುದುರೆಲಾಳದಂತೆ ಬಾಗಿದ ಮರಳುಗಲ್ಲಿನ ಅಂಚಿನಿಂದ ನದಿಯು 52 ಮೀಟರು, ಎಂದರೆ ಸುಮಾರು 170 ಅಡಿ, ಕೆಳಗಿನ ಕಮರಿಗೆ ಧುಮುಕುತ್ತದೆ. ದಡದಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ. ಹೊಳೆಗೆ ಅಡ್ಡಲಾಗಿ ಸುಮಾರು 200 ಮೀಟರು ಉದ್ದದ ತೂಗುಸೇತುವೆಯಿದೆ. ಕಡುಬೇಸಗೆಯಲ್ಲಿ ಬಂದವರಿಗೆ ಕಾಣುವುದು ಬಹುಮಟ್ಟಿಗೆ ಬರಿಯ ಬಂಡೆ. ಶ್ರಾವಣದಲ್ಲಿ ಬಂದವರಿಗೆ ಬಂಡೆಯೇ ಕಾಣದು.

ಈ ನೀರು ಕಣ್ಣಿಗೆ ಹಬ್ಬವಾದುದಷ್ಟೇ ಅಲ್ಲ, ಕೈಗಳಿಗೆ ಕೆಲಸವನ್ನೂ ಕೊಟ್ಟಿತು. 1885ರಲ್ಲಿ ಇದರ ಬಲವನ್ನು ನೆಚ್ಚಿ ಒಂದು ಕಂಪನಿ ಹುಟ್ಟಿಕೊಂಡಿತು. 1887ರಲ್ಲಿ ನೂಲಿನ ಗಿರಣಿ ಆರಂಭವಾಯಿತು. ಬೀಳುವ ನೀರಿನ ಶಕ್ತಿಯಿಂದ ಕದಿರುಗಳು ತಿರುಗಿದವು. ಗಿರಣಿಯ ಸುತ್ತ ಕಾರ್ಮಿಕರ ವಸತಿ ಬೆಳೆದು ‘ಗೋಕಾಕ ಫಾಲ್ಸ್’ ಎಂಬ ಬೇರೊಂದು ಊರೇ ಆಯಿತು.

ಆದರೆ ‘ಹೊಳಿ ಬಂದೈತಿ’ ಎಂಬ ಮಾತಿಗೆ ಗೋಕಾವಿಯ ಕೆಳಗಿನ ಓಣಿಗಳಲ್ಲಿ ಬೇರೆ ಅರ್ಥವಿದೆ. ಮೇಲೆ ಹುಕ್ಕೇರಿ ತಾಲ್ಲೂಕಿನಲ್ಲಿ 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯವಿದೆ. ಅದು ತುಂಬಿ ನೀರು ಬಿಡಬೇಕಾದಾಗಲೇ ಮಾರ್ಕಂಡೇಯ ನದಿಯೂ ಉಕ್ಕಿ ಗೋಕಾವಿಯ ಬಳಿ ಘಟಪ್ರಭೆಯನ್ನು ಕೂಡಿಕೊಂಡರೆ, ಊರಿಗೆ ಗಂಡಾಂತರ. 2019ರ ಆಗಸ್ಟಿನಲ್ಲಿ ಹೀಗೆಯೇ ಆಯಿತು. ಲೋಳಸೂರ ಸೇತುವೆ ಮುಳುಗಿತು; ನೀರು ಮನೆಗಳನ್ನು ಹೊಕ್ಕಿತು; ಜನ ಕೈಗೆ ಸಿಕ್ಕಿದ ಪಾತ್ರೆಪಗಡಗಳೊಡನೆ ಗಂಜಿಕೇಂದ್ರಗಳನ್ನು ಸೇರಿದರು. 2021ರ ಜುಲೈಯಲ್ಲಿ ಅದೇ ಪಾಡು ಮರಳಿತು. ನದಿಯುದ್ದಕ್ಕೂ ಮುಂದಿನ ಮೂಡಲಗಿ ತಾಲ್ಲೂಕಿನ ಹಳ್ಳಿಗಳಲ್ಲಿ, ಹೊಳೆಯ ನೀರಿನಿಂದಲೇ ಬೆಳೆದ ಕಬ್ಬು ಹೊಳೆಯ ನೀರಿನಲ್ಲಿಯೇ ನಿಂತಿತು.

ಜಲಪಾತದ ವೈಭವವೂ ಊರಿನ ಸಂಕಟವೂ ಎಷ್ಟೋ ಸಲ ಒಂದೇ ದಿನ ಬರುತ್ತವೆ. ಹಾಗೆಂದು ನೋಡಹೋಗುವುದು ತಪ್ಪೆಂದಲ್ಲ. ಹೋಗುವ ಹೊತ್ತನ್ನು ಅರಿತು ಹೋಗಬೇಕು. ನೆರೆಯ ಸುದ್ದಿಯಿರುವ ದಿನ ಹೊರಟರೆ ದಾರಿಯೂ ಕಟ್ಟಬಹುದು, ಆಸರೆ ಅರಸುವ ಜನರಿಗೆ ಅಡಚಣೆಯೂ ಆಗಬಹುದು. ಮಳೆಯ ಆರ್ಭಟ ತಗ್ಗಿದ ಮೇಲೆ, ಹೊಳೆ ಇನ್ನೂ ತುಂಬಿ ಹರಿಯುತ್ತಿರುವಾಗ ಹೋಗುವುದು ಲೇಸು. ಆಗಲೂ ಪಾಚಿಗಟ್ಟಿದ ಬಂಡೆಯಂಚಿಗೆ ಭಾವಚಿತ್ರದ ಆಸೆಯಿಂದ ಯಾರೂ ಇಳಿಯಬಾರದು. ಮಕ್ಕಳ ಕೈ ಬಿಡಬಾರದು. ನೋಡಿಯಾದ ಮೇಲೆ ಹಾಗೆಯೇ ಮರಳದೆ ಊರೊಳಗೂ ಒಂದಿಷ್ಟು ಹೊತ್ತು ಕಳೆಯಬೇಕು. ಅಂಗಡಿಗಳಲ್ಲಿ ಬೆಲ್ಲ, ಅಂಟು, ಒಣಹಣ್ಣುಗಳ ಕರದಂಟು ದೊರೆಯುತ್ತದೆ. ನೆರೆ ಇಳಿದ ಮೇಲೆ ಕೆಸರು ಬಳಿದು ಮತ್ತೆ ಬಾಗಿಲು ತೆರೆದ ಊರಿಗೆ ಬಂದವರ ವ್ಯಾಪಾರವೂ ಒಂದು ಆಸರೆಯೇ.