ರಾತ್ರಿ ಯಾರ ಗಾಡಿ ಎಂಬುದು ಹಗಲಲ್ಲೇ ಗೊತ್ತಿರಲಿ

ಮಲೆನಾಡಿನಲ್ಲಿ ಗಾಡಿ ಇಟ್ಟುಕೊಂಡಿರುವ ಎಲ್ಲರಲ್ಲೂ ಒಂದು ವಿನಂತಿ. ಜೀಪಿರಲಿ, ಓಮ್ನಿ ಇರಲಿ, ಅಡಿಕೆ ಸಾಗಿಸುವ ಪಿಕಪ್ ಇರಲಿ, ಬರೀ ಬೈಕೇ ಇರಲಿ, ಈ ಮಾತು ನಿಮಗೇ.

ನಮ್ಮ ಕಡೆ ಊರೆಂದರೆ ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು. ಮಳೆಗಾಲದ ರಾತ್ರಿ ಯಾರಿಗೋ ಹಾವು ಕಚ್ಚುತ್ತದೆ, ಬಸುರಿಗೆ ನೋವು ಶುರುವಾಗುತ್ತದೆ. ಕರೆಂಟು ಹೋಗಿ ಬಹಳ ಹೊತ್ತಾಗಿದ್ದರೆ ಟವರೂ ಸತ್ತಿರುತ್ತದೆ. ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ 108ಕ್ಕೆ ಹೇಳಿದರೂ ಆಂಬುಲೆನ್ಸ್ ಬರುವುದು ಟಾರು ರಸ್ತೆಯ ತನಕ. ಮನೆಯಿಂದ ಅಲ್ಲಿಯವರೆಗೆ ಕಂಬಳಿಗೆ ಬಿದಿರಿನ ಗಳ ತೂರಿಸಿ ಜೋಲಿ ಕಟ್ಟಿ, ಇಬ್ಬರು ಹೆಗಲು ಕೊಟ್ಟು, ಮುಂದೊಬ್ಬ ಬ್ಯಾಟರಿ ಬಿಟ್ಟು, ಜಾರುವ ಏರಿನಲ್ಲಿ ಹೆಜ್ಜೆ ಹೆಜ್ಜೆಗೂ ನಿಂತು ಸಾಗಿಸುವ ಮನೆಗಳು ಇವತ್ತಿಗೂ ಇವೆ.

ಶರಾವತಿ ಹಿನ್ನೀರಿನ ತುಮರಿ ಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಲಿಂಗನಮಕ್ಕಿ ಅಣೆಕಟ್ಟೆಯ ನೀರು 1960ರ ದಶಕದಲ್ಲಿ ಅವರ ದಾರಿ ಮುಳುಗಿಸಿತು. ಹಿನ್ನೀರು ದಾಟಿಸುವ ಲಾಂಚ್ ಸಂಜೆ ನಿಂತ ಮೇಲೆ ಸಾಗರದ ಆಸ್ಪತ್ರೆ ಮುಟ್ಟಲು ದೂರದ ದಾರಿ ಸುತ್ತಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಜನರಿಗೆ ಸಿಕ್ಕಿದ್ದು 2025ರ ಜುಲೈಯಲ್ಲಿ. ಸೇತುವೆಯನ್ನು ಸರ್ಕಾರವೇ ಕಟ್ಟಬೇಕು, ಅದಕ್ಕೆ ಹೋರಾಡಲೇಬೇಕು. ಆದರೆ ಪಕ್ಕದ ಮನೆಯ ಗಾಡಿ ಹೊರಡಿಸಲು ಯಾವ ಸರ್ಕಾರವೂ ಬೇಡ.

ನೇಪಾಳದ ಪೂರ್ವ ತರಾಯಿಯ ದಮಕ್ ಸುತ್ತಮುತ್ತ ಇದನ್ನು ಮಾಡಿ ತೋರಿಸಿದ್ದಾರೆ. ಅದು ಗದ್ದೆ ಬಯಲು, ಹಾವು ಕಡಿತ ಹೆಚ್ಚು. ಹಳ್ಳಿಯ ಬೈಕಿನವರೇ ಸ್ವಯಂಸೇವಕರಾಗಿ ನಿಂತರು. ಕಚ್ಚಿಸಿಕೊಂಡವರನ್ನು ಸವಾರ ಮತ್ತು ಹಿಂದೆ ಕೂತವನ ನಡುವೆ ಕೂರಿಸಿಕೊಂಡು ಚಿಕಿತ್ಸಾ ಕೇಂದ್ರಕ್ಕೆ ನೇರವಾಗಿ ಕರೆದೊಯ್ದರು. ಜೊತೆಗೆ ಜನರಿಗೆ ತಿಳಿವಳಿಕೆಯನ್ನೂ ಕೊಟ್ಟರು. ಹಾವು ಕಚ್ಚಿದವರಲ್ಲಿ ಸಾಯುವವರ ಪ್ರಮಾಣ ನೂರಕ್ಕೆ 10.5ರಿಂದ 0.5ಕ್ಕೆ ಇಳಿಯಿತೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಈ ಅಂಕಿ ಓದಿದ ಮೇಲೆ ನಾವು ಸುಮ್ಮನೆ ಕೂರುವುದು ಹೇಗೆ?

ನಮ್ಮಲ್ಲಿ ಗಾಡಿಗೇನೂ ಬರವಿಲ್ಲ. ಎಷ್ಟೋ ಮನೆಗಳ ಶೆಡ್ಡಿನಲ್ಲಿ ಕಾರು ನಿಂತಿದೆ. ಓಡಿಸುವ ಮಗ ಬೆಂಗಳೂರಿನಲ್ಲಿದ್ದಾನೆ. ಬ್ಯಾಟರಿ ಇಳಿದಿರುತ್ತದೆ, ಕೀ ಯಾವ ಮೊಳೆಗೆ ನೇತುಹಾಕಿದೆಯೆಂದು ವಯಸ್ಸಾದ ಅಪ್ಪ ಅಮ್ಮನಿಗೆ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿರುವ ಮಕ್ಕಳೇ, ನಿಮ್ಮ ಕಾರಿನ ಒಂದು ಕೀಯನ್ನು ನಂಬಿಕೆಯ ನೆರೆಯವರ ಕೈಗೆ ಕೊಟ್ಟು ಬನ್ನಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡಲು ಹೇಳಿ. ನಿಮ್ಮ ಅಪ್ಪನಿಗೆ ಎದೆನೋವು ಬಂದ ರಾತ್ರಿ ಓಡಿ ಬರುವವರು ಅವರೇ ತಾನೇ.

ಕೇಸಿಗೆ ಸಿಕ್ಕಿಕೊಳ್ಳುತ್ತೇವೆ ಎಂಬ ಹೆದರಿಕೆ ಬಹಳ ಜನರನ್ನು ತಡೆಯುತ್ತದೆ. ರಸ್ತೆ ಅಪಘಾತದ ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಈ ರಕ್ಷಣೆ ಕೊಟ್ಟಿದೆ. ಧೈರ್ಯವಾಗಿ ಕರೆದೊಯ್ಯಿರಿ.

ಆದರೆ ಎಲ್ಲರಿಗೂ ಬೈಕು ಆಗಿಬರುವುದಿಲ್ಲ. ಹೆರಿಗೆ ನೋವಿನವರನ್ನೂ ಎದೆನೋವಿನವರನ್ನೂ ಬೈಕಿನಲ್ಲಿ ಕೂರಿಸಬೇಡಿ. ಅಡಿಕೆ ಮರದಿಂದ ಬಿದ್ದವರ ಬೆನ್ನುಮೂಳೆಗೆ ಏಟಾಗಿರಬಹುದು; ಮಡಚಿ ಎತ್ತದೆ, ಹಲಗೆಯ ಮೇಲೆ ನೆಟ್ಟಗೆ ಮಲಗಿಸಿ ಪಿಕಪ್‌ನಲ್ಲಿ ತನ್ನಿ. ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿಯಬೇಡಿ, ಬ್ಲೇಡು ಹಾಕಬೇಡಿ, ಕಾಲು ಅಲುಗದಂತೆ ನೋಡಿಕೊಳ್ಳಿ, ನಡೆಸಬೇಡಿ. ನಾಟಿ ಔಷಧಿಯವರ ಮನೆ ಕಡೆ ತಿರುಗದೆ, ವಿಷಕ್ಕೆ ಕೊಡುವ ಇಂಜೆಕ್ಷನ್ ಇರುವ ಆಸ್ಪತ್ರೆಗೇ ಹೋಗಿ. ಅದು ಯಾವ ಆಸ್ಪತ್ರೆಯಲ್ಲಿದೆ ಎಂದು ಈಗಲೇ ಕೇಳಿ ತಿಳಿದುಕೊಳ್ಳಿ. 108ಕ್ಕೂ ಫೋನು ಮಾಡಿ. ನಿಮ್ಮ ಗಾಡಿ ಹೊರಟು, ಆಂಬುಲೆನ್ಸ್ ಎದುರಾದಲ್ಲಿ ರೋಗಿಯನ್ನು ದಾಟಿಸಿದರಾಯಿತು.

ಮಳೆ ಹಿಡಿಯುವ ಮೊದಲು ಒಂದು ಸಂಜೆ ಊರವರು ಸೇರಿ. ರಾತ್ರಿ ಕರೆದರೆ ಬರುವ ನಾಲ್ಕು ಗಾಡಿಯವರ ಹೆಸರು, ಫೋನು ನಂಬರು ಬರೆಯಿರಿ. ಪಕ್ಕದಲ್ಲೇ ಆಶಾ ಕಾರ್ಯಕರ್ತೆಯ ನಂಬರಿರಲಿ. ಫೋನು ಹತ್ತದಿದ್ದರೆ ಯಾರ ಮನೆಗೆ ಓಡಬೇಕು ಎಂಬುದೂ ತೀರ್ಮಾನವಾಗಲಿ. ಡೀಸೆಲ್ಲಿಗೆ ದುಡ್ಡಿಲ್ಲದ ಮನೆಯವರು ಕರೆಯಲು ಹಿಂಜರಿಯುತ್ತಾರೆ. ಅದಕ್ಕಾಗಿ ಸಂಘದಿಂದ ಒಂದಿಷ್ಟು ಹಣ ತೆಗೆದಿಡಿ. ಆ ಚೀಟಿಯನ್ನು ಹಾಲಿನ ಡೇರಿಯ ಗೋಡೆಗೂ ನ್ಯಾಯಬೆಲೆ ಅಂಗಡಿಯ ಬಾಗಿಲಿಗೂ ಅಂಟಿಸಿ. ಗಾಡಿ ಇರುವವರು ನಿಮ್ಮ ಹೆಸರನ್ನು ನೀವೇ ಮುಂದಾಗಿ ಬರೆಸಿ.